ಮಿಕ್ಕ ಬಣ್ಣದ ಮನೆ

ದಲ್ಲಾಳಿ ಮನೆಯ ಹಾಲ್‌ನ ನಡುವೆ ನಿಂತು ಸುತ್ತಲೂ ಒಮ್ಮೆ ಕತ್ತು ತಿರುಗಿಸಿ ನೋಡಿದ. ಆಮೇಲೆ ಅರ್ಧ ಕುಡಿದ ಟೀ ಲೋಟ ಕೆಳಗಿಟ್ಟ. ಟೀ ಮುಗಿಯುವ ಮೊದಲೇ ಲೋಟ ಇಡುವ ದಲ್ಲಾಳಿಯ ಬಾಯಿಂದ ಒಳ್ಳೆಯ ಸುದ್ದಿ ಬರುವುದಿಲ್ಲ ಎಂಬುದು ಬನ್ನಕ್ಕನಿಗೆ ಇಷ್ಟರಲ್ಲಿ ಚೆನ್ನಾಗಿ ತಿಳಿದುಹೋಗಿತ್ತು.

"ಬೇಜಾರು ಮಾಡ್ಕೋಬೇಡಿ ಅಕ್ಕ. ಮನೆ ಗಟ್ಟಿಮುಟ್ಟಾಗಿದೆ, ಗಾಳಿ ಬೆಳಕಿಗೆ ಹೆಸರಿಡೋ ಹಾಗಿಲ್ಲ. ಆದರೆ ಬಂದವರು ಮನೆ ಎಲ್ಲಿ ನೋಡ್ತಾರೆ? ಗೋಡೆ ನೋಡಿ ನಗ್ತಾ ಮೆಟ್ಟಿಲು ಇಳೀತಾರೆ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಾಲ್‌ನ ಒಂದು ಗೋಡೆಗೆ ಯಾವುದೋ ಆಸ್ಪತ್ರೆಯ ಹಸಿರು, ಎದುರು ಗೋಡೆಗೆ ಬ್ಯಾಂಕಿನ ನೀಲಿ, ಅಡುಗೆಮನೆಗೆ ಶಾಲೆಯೊಂದರ ಹಳದಿ, ಅದೂ ಸಾಲದೆ ಹೋಗಿ ಒಲೆಯ ಹಿಂದಿನ ಜಾಗಕ್ಕೆ ಸಿನಿಮಾ ಮಂದಿರದ ಕೆಂಪು. ಮನೆಯ ಯಜಮಾನ ಪೇಂಟರ್. ಎಲ್ಲೆಲ್ಲಿ ಕೆಲಸ ಮುಗಿಯಿತೋ ಅಲ್ಲಲ್ಲಿ ಡಬ್ಬದ ತಳದಲ್ಲಿ ಉಳಿದ ಬಣ್ಣ ಮನೆಗೆ ಬರುತ್ತಿತ್ತು. ತಳದಲ್ಲಿ ಉಳಿದದ್ದು ಒಂದು ಗೋಡೆಗೆ ಆದೀತೇ ಹೊರತು ಒಂದು ಕೋಣೆಗೆ ಆಗುತ್ತದೆಯೇ? ಹೀಗಾಗಿ ಊರಿನವರಿಗೆಲ್ಲ ಒಪ್ಪವಾದ ಕೋಣೆ ಮಾಡಿಕೊಟ್ಟವನ ಮನೆಯಲ್ಲಿ ಒಂದು ಗೋಡೆಗೂ ಇನ್ನೊಂದು ಗೋಡೆಗೂ ಮಾತುಕತೆ ಇರಲಿಲ್ಲ.

"ಎಲ್ಲಾ ಕಡೆ ಒಂದೇ ಬಣ್ಣ ಹೊಡೆಸಿ. ಮೊಳೆ ತೂತು, ಬಿರುಕು ಮುಚ್ಚಿಸಿ. ಸಾಮಾನು ಅರ್ಧಕ್ಕರ್ಧ ಕಡಿಮೆ ಮಾಡಿ. ಮತ್ತೆ..." ದಲ್ಲಾಳಿ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಗಿರಾಕಿಗಳ ಮುಂದೆ ನಿಮ್ಮತ್ತೆ ಸ್ವಲ್ಪ ಮಾತು ಕಡಿಮೆ ಮಾಡಿದ್ರೆ ಒಳ್ಳೇದು."

"ಕೇಳಿಸ್ತು," ಎಂದಿತು ಅಡುಗೆಮನೆ.

ಅತ್ತೆಗೆ ಒಂದು ಅಭ್ಯಾಸ. ಮನೆ ನೋಡಲು ಬಂದವರಿಗೆ ಮೊದಲು ನೀರು ಕೊಡುತ್ತಿದ್ದಳು, ಆಮೇಲೆ ಮನೆಯ ಕುಂದುಕೊರತೆಯನ್ನೆಲ್ಲ ಒಂದೊಂದಾಗಿ ಒಪ್ಪಿಸುತ್ತಿದ್ದಳು. ಬಚ್ಚಲಲ್ಲಿ ನೀರು ನಿಲ್ಲುತ್ತದೆ, ಕೋಣೆಯ ಕಿಟಕಿ ಹಾಕಿದರೆ ತೆಗೆಯಲಾಗದು, ಪಕ್ಕದ ಮನೆಯವನ ಗೊರಕೆ ಗೋಡೆ ದಾಟಿ ಬರುತ್ತದೆ. ಯಾಕತ್ತೆ ಎಂದರೆ, "ಇವತ್ತು ಮುಚ್ಚಿಟ್ಟರೆ ನಾಳೆ ಅವರ ಬಾಯಿಗೆ ಬೀಳೋರು ಯಾರು? ನೀನಾ, ನಾನಾ?" ಎನ್ನುತ್ತಿದ್ದಳು.

ಬನ್ನಕ್ಕ ಎಂಬುದು ಕಟ್ಟಡದ ಮಕ್ಕಳು ಇಟ್ಟ ಹೆಸರು. ಆಕೆ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ಮೆಟ್ಟಿಲು ಹತ್ತುವಾಗ ಆಕಾರ ಕೆಟ್ಟ ಬನ್ನುಗಳ ಚೀಲವೊಂದು ಕೈಯಲ್ಲಿರುತ್ತಿತ್ತು, ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಚೀಲ ಅರ್ಧ ಖಾಲಿಯಾಗುತ್ತಿತ್ತು. ಹೆತ್ತವರು ಇಟ್ಟ ಹೆಸರು ಈಗ ಬ್ಯಾಂಕಿನವರಿಗೆ ಬಿಟ್ಟರೆ ಯಾರಿಗೂ ಬೇಕಿರಲಿಲ್ಲ.

ಆ ಮೂರನೇ ಮಹಡಿಯೇ ಎಲ್ಲ ಕಷ್ಟದ ಮೂಲ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಹೋದ ವರ್ಷ ಪೇಂಟರ್ ಗೋಡೆಗೆ ಕಟ್ಟಿದ್ದ ಸಾರ್ವೆಯ ಹಲಗೆ ಜಾರಿ ಬಿದ್ದ. ಜೀವ ಉಳಿಯಿತು, ಸೊಂಟದ ಕೆಳಗಿನ ಶಕ್ತಿ ಉಳಿಯಲಿಲ್ಲ. ಗಾಲಿ ಕುರ್ಚಿಯ ಸಮೇತ ಅವನನ್ನು ಮೇಲೆ ಹೊತ್ತು ತಂದು ಕಿಟಕಿಯ ಪಕ್ಕ ಕೂರಿಸಿದ ದಿನದಿಂದ ಅವನು ಬೀದಿ ಕಂಡಿರಲಿಲ್ಲ. ಕಂಡಿರಲಿಲ್ಲ ಎಂದರೆ ತಪ್ಪಾದೀತು, ಮೇಲಿನಿಂದ ನೋಡುತ್ತಿದ್ದ. "ಈ ಬೀದಿಯ ಬೋಳು ತಲೆಗಳೆಲ್ಲ ನನಗೆ ಪರಿಚಯ, ಮುಖಗಳೇ ಮರೆತುಹೋಗ್ತಿವೆ," ಎಂದು ಒಮ್ಮೆ ನಗದೆ ಹೇಳಿದ್ದ.

ಎರಡು ಬೀದಿ ಆಚೆ ಬನ್ನಕ್ಕ ಒಂದು ಮನೆ ಹುಡುಕಿಟ್ಟಿದ್ದಳು. ನೆಲಮಟ್ಟದ ಮನೆ, ಬಾಗಿಲು ತೆಗೆದರೆ ಬೀದಿ. ನಿವೃತ್ತ ಕಂಡಕ್ಟರೊಬ್ಬರದು. ಅವರು ಮಗಳ ಊರಿಗೆ ಹೊರಟಿದ್ದರು. "ಶಾಲೆ ಶುರುವಾಗೋ ತನಕ ಕಾಯ್ತೀನಿ ತಾಯಿ. ಆಮೇಲೆ ಮೊಮ್ಮಗನ್ನ ಶಾಲೆಗೆ ಬಿಡೋ ಡ್ಯೂಟಿ ನಂದು. ಅಷ್ಟರಲ್ಲಿ ನಿಮ್ಮದು ಮಾರಾಟ ಆಗದಿದ್ರೆ ಬೇರೆಯವರಿಗೆ ಕೊಟ್ಟುಬಿಡ್ತೀನಿ, ತಪ್ಪು ತಿಳೀಬೇಡಿ," ಎಂದಿದ್ದರು. ಬೇರೆ ನೆಲಮಟ್ಟದ ಮನೆಗಳೆಲ್ಲ ಇವರ ಕೈಗೆ ಎಟುಕದವು. ಬನ್ನಕ್ಕನಿಗೆ ದೊಡ್ಡ ಆಸೆಗಳಿರಲಿಲ್ಲ. ಗಂಡ ಯಾರನ್ನೂ ಕರೆಯದೆ, ಯಾರ ಹೆಗಲೂ ಹಿಡಿಯದೆ, ತಾನೇ ಹೊಸಿಲು ದಾಟಿ ಹೊರಗೆ ಹೋಗಬೇಕು, ಅಷ್ಟೇ.

ದಲ್ಲಾಳಿ ಹೋದ ಮೇಲೆ ಅವಳು ಗಂಡನ ಹತ್ತಿರ ಕೂತಳು. "ನಿಮ್ಮ ಕೆಲಸದ ಮೇಸ್ತ್ರಿಗೆ ಒಂದು ಮಾತು ಹೇಳಿದರೆ ಹುಡುಗರನ್ನ ಕಳಿಸ್ತಾರೆ ರೀ."

"ಬೇಡ."

"ಅವರೇ ಕೇಳಿದ್ರಲ್ಲ, ಏನಾದ್ರೂ ಸಹಾಯ ಬೇಕಾ ಅಂತ?"

"ನನಗೆ ಯಾರ ಹಂಗೂ ಬೇಡ. ನನ್ನ ಮನೆಗೆ ಬಣ್ಣ ಹೊಡೆಯೋಕೆ ಊರವರು ಬರಬೇಕಾ? ನಾನು ಹೇಳಿಕೊಡ್ತೀನಿ, ನೀವು ಹೊಡೀರಿ."

ಬಿದ್ದ ಮೇಲೆ ಮೇಸ್ತ್ರಿ ಒಮ್ಮೆ ನೋಡಲು ಬಂದಾಗ ಪೇಂಟರ್ ಕಣ್ಣು ಮುಚ್ಚಿ ನಿದ್ದೆ ನಟಿಸಿದ್ದ. ಮೇಸ್ತ್ರಿ ತಂದಿದ್ದ ಹಣ್ಣಿನ ಚೀಲ ಇಟ್ಟು, ಸ್ವಲ್ಪ ಹೊತ್ತು ನಿಂತು ಹೋಗಿದ್ದರು. ಅವರು ಮತ್ತೆ ಬರಲಿಲ್ಲ, ಇವನು ಕರೆಯಲೂ ಇಲ್ಲ.

ಹೀಗೆ ಬ್ರಷ್ ಹಿಡಿದು ಗೊತ್ತಿಲ್ಲದ ಮೂವರು ಹೆಂಗಸರು ಪೇಂಟರ್‌ಗಳಾದರು. ಬೇಕರಿ ಮುಗಿಸಿ ಬಂದ ಬನ್ನಕ್ಕ, ಮೊಣಕಾಲು ನೋವಿನ ಅತ್ತೆ, ಕಾಲೇಜು ಮೆಟ್ಟಿಲು ಹತ್ತಿದರೂ ಮನೆಯಲ್ಲಿ ಇನ್ನೂ ಪಾಪುವೇ ಆಗಿದ್ದ ಮಗಳು. ಗಿರಾಕಿಗಳ ಹತ್ತಿರ ಬೆಣ್ಣೆಯಂತೆ ಮಾತಾಡುತ್ತಿದ್ದ ಪೇಂಟರ್, ಮನೆಯ ಕೆಲಸದಾಳುಗಳ ಮೇಲೆ ಹುಲಿಯಾದ. ಗೋಡೆ ಉಜ್ಜಿದ್ದು ಸಾಲದು, ಮತ್ತೆ ಉಜ್ಜು. ಬ್ರಷ್ ಅಷ್ಟು ಅದ್ದಬೇಡ. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕಲ್ಲ.

"ಉಪ್ಪುಕಾಗದ ಅಂತೆ," ಅತ್ತೆ ಗೋಡೆ ಉಜ್ಜುತ್ತ ಗೊಣಗಿದಳು. "ಉಪ್ಪೂ ಇಲ್ಲ, ಕಾಗದವೂ ಅಲ್ಲ. ಕೈ ಚರ್ಮ ಮಾತ್ರ ನುಣ್ಣಗಾಗ್ತಿದೆ."

"ಮೂಲೆ ಬಿಟ್ಟೆ ನೋಡಮ್ಮ."

"ನಿನ್ನ ಹೆತ್ತಿದ್ದೇ ಹೆಚ್ಚು, ನಿನ್ನ ಗೋಡೆ ಬೇರೆ ಕೆರೀಬೇಕಾ ನಾನು? ಬಂದು ನೀನೇ ಉಜ್ಜು."

ಹೇಳಿದ ಮೇಲೆ ಅತ್ತೆಯ ಕೈ ನಿಂತಿತು. ಪೇಂಟರ್ ಕುರ್ಚಿಯ ಗಾಲಿ ತಳ್ಳಿಕೊಂಡು ಬಂದು, ಅಮ್ಮನ ಕೈಯಿಂದ ಕಾಗದ ಇಸಿದುಕೊಂಡು, ಕೂತಲ್ಲಿಂದ ಕೈಗೆಟುಕುವಷ್ಟು ಎತ್ತರದವರೆಗೆ ಆ ಗೋಡೆಯನ್ನು ತಾನೇ ಉಜ್ಜಿದ. ಆವತ್ತು ಅಡುಗೆ ಆಗಲಿಲ್ಲ. ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದು ಎಲ್ಲರೂ ಮಲಗಿದರು.

ತೂತು ಮುಚ್ಚುವ ಕೆಲಸ ಪಾಪುವಿನ ಪಾಲಿಗೆ ಬಂತು. ಈ ಮನೆಯ ಇನ್ನೊಂದು ಸ್ವಭಾವ ಇಲ್ಲಿ ಹೇಳಲೇಬೇಕು. ಖಾಲಿಯಾದ ಬಣ್ಣದ ಡಬ್ಬ ಇಲ್ಲಿ ಕಸಕ್ಕೆ ಹೋಗುತ್ತಿರಲಿಲ್ಲ. ಅತ್ತೆ ಅವನ್ನು ತಿಕ್ಕಿ ತೊಳೆದು ಅಕ್ಕಿ, ಬೇಳೆ, ಸಕ್ಕರೆ ತುಂಬಿಡುತ್ತಿದ್ದಳು. ಗೋಡೆಯ ತೂತಿಗೆ ತುಂಬುವ ಪುಟ್ಟಿಯ ಪುಡಿಯೂ ಅಂಥದೇ ಒಂದು ಡಬ್ಬದಲ್ಲಿತ್ತು. ಯಾವ ಡಬ್ಬದ ಮೇಲೂ ಹೆಸರಿಲ್ಲ, ಎಲ್ಲವೂ ಒಂದೇ ಅಳತೆ. ಸಾಮಾನು ಕಡಿಮೆ ಮಾಡಿ ಎಂದು ದಲ್ಲಾಳಿ ಹೇಳಿದ್ದರಿಂದ ಬನ್ನಕ್ಕ ಎಲ್ಲ ಡಬ್ಬಗಳನ್ನೂ ಮಂಚದ ಕೆಳಗೆ ಸಾಲಾಗಿ ಜೋಡಿಸಿದ್ದಳು. ಪಾಪು ಕೈಗೆ ಸಿಕ್ಕ ಬಿಳಿ ಪುಡಿ ತೆಗೆದು ನೀರಲ್ಲಿ ಕಲಸಿ, ಹಾಲ್‌ನ ತೂತು ಬಿರುಕುಗಳಿಗೆಲ್ಲ ಮೆತ್ತಿದಳು.

"ಅಪ್ಪಾ, ಪುಟ್ಟಿ ಯಾಕೋ ತುಂಬಾ ಅಂಟ್ತಿದೆ," ಎಂದು ಅಲ್ಲಿಂದಲೇ ಕೂಗಿದಳು.

"ಅಂಟದೆ ಇನ್ನೇನು? ಗೋಡೇಲಿ ನಿಲ್ಲಬೇಕಲ್ಲ," ಕೋಣೆಯಿಂದ ಉತ್ತರ ಬಂತು.

ಅದರ ಮೇಲೆ ತಿಳಿ ಕೆನೆ ಬಣ್ಣ ಬಿತ್ತು. ಹಾಲ್ ಒಂದೇ ಸಮ ಆಯಿತು. ಹಸಿರು, ನೀಲಿ ಎಲ್ಲ ಮಾಯವಾಗಿ ಕೋಣೆ ದೊಡ್ಡದಾದಂತೆ ಕಂಡಿತು. ಪೇಂಟರ್ ಬಾಗಿಲಲ್ಲಿ ಕುರ್ಚಿ ನಿಲ್ಲಿಸಿ ತುಂಬ ಹೊತ್ತು ನೋಡಿ, "ಪರವಾಗಿಲ್ಲ," ಎಂದ. ಪಾಪುವಿಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿಯಾಯಿತು.

ಒಂದು ವಾರ ಕಳೆದು ದಲ್ಲಾಳಿ ಇಬ್ಬರು ಅಕ್ಕತಂಗಿಯರನ್ನು ಕರೆತಂದ. ಬಟ್ಟೆ ಹೊಲಿಯುವವರು, ಮನೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಳ್ಳುವ ಯೋಚನೆ. ಅತ್ತೆಯನ್ನು ಮೊದಲೇ ಮೇಲಿನ ಮಹಡಿಯವರ ಮನೆಗೆ ಸಾಗಹಾಕಿ ಆಗಿತ್ತು. ಅಕ್ಕ ಕಿಟಕಿಯ ಬಳಿ ನಿಂತು ಬೆಳಕು ಎಲ್ಲಿಯವರೆಗೆ ಬೀಳುತ್ತದೆ ಎಂದು ನೋಡಿದಳು. ತಂಗಿ ಗೋಡೆಯ ಹತ್ತಿರ ಹೋಗಿ ಬಗ್ಗಿದಳು.

"ಇದೇನು, ಗೋಡೆಯೊಳಗಿಂದ ಇರುವೆ ಬರ್ತಿವೆ?"

ಎಲ್ಲರೂ ನೋಡಿದರು. ಕೆನೆ ಬಣ್ಣದ ಗೋಡೆಯ ಸಣ್ಣ ಬಿರುಕಿನಿಂದ ಇರುವೆಗಳ ಸಾಲು ಹೊರಟು ಮೂಲೆಯತ್ತ ನಡೆದಿತ್ತು, ಇನ್ನೊಂದು ತೂತಿನಿಂದ ಇನ್ನೊಂದು ಸಾಲು. ಪ್ರತಿ ಇರುವೆಯ ಬಾಯಲ್ಲೂ ಒಂದು ಬಿಳಿ ಕಾಳು. ದಲ್ಲಾಳಿ ಕೆಮ್ಮಿದ.

ಅದೇ ಹೊತ್ತಿಗೆ ಕನ್ನಡಕ ಮರೆತುಹೋಗಿದ್ದ ಅತ್ತೆ ಬಾಗಿಲು ದೂಡಿಕೊಂಡು ಬಂದಳು. ಗೋಡೆ ನೋಡಿದಳು.

"ಬರದೆ ಏನು ಮಾಡ್ತವೆ? ಪುಟ್ಟಿ ಅಂತ ನಮ್ಮ ಹುಡುಗಿ ಬನ್ನಿನ ಹಿಟ್ಟು ಮೆತ್ತಿದ್ದಾಳೆ. ಸಕ್ಕರೆ, ಹಾಲಿನಪುಡಿ ಎಲ್ಲಾ ಬೆರೆಸಿದ್ದು. ಬೆಳಿಗ್ಗೆ ಹಿಟ್ಟು ಕಲಸೋಣ ಅಂತ ಡಬ್ಬ ತೆಗೆದೆ, ಪುಟ್ಟಿ ಹಾಗೇ ಇತ್ತು, ಹಿಟ್ಟು ಇರಲಿಲ್ಲ." ಇಷ್ಟಕ್ಕೇ ನಿಲ್ಲಿಸುವ ಜೀವವೇ ಅದು? "ಬಚ್ಚಲಲ್ಲೂ ನೀರು ನಿಲ್ಲುತ್ತಮ್ಮ. ಕೋಣೆ ಕಿಟಕಿ ಒಂದು ಬಿಗಿ. ಉಳಿದಿದ್ದೆಲ್ಲ ಚೆನ್ನಾಗಿದೆ, ಈ ಮನೇಲಿ ನಾವು ಚೆನ್ನಾಗೇ ಬಾಳಿದ್ದೀವಿ."

ಅಕ್ಕತಂಗಿಯರು ಮುಖ ಮುಖ ನೋಡಿಕೊಂಡು, ಯೋಚಿಸಿ ಹೇಳ್ತೀವಿ ಎಂದು ಹೊರಟರು. ಮೆಟ್ಟಿಲ ತಿರುವಿನಲ್ಲಿ ಅವರ ನಗು ಕೇಳಿಸಿತು. ಪಾಪು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಪೇಂಟರ್ ಗೋಡೆಯನ್ನೇ ನೋಡುತ್ತ ಕೂತಿದ್ದ, ಅವನ ಮುಖ ನೋಡುವ ಧೈರ್ಯ ಬನ್ನಕ್ಕನಿಗೆ ಬರಲಿಲ್ಲ.

ಆದರೆ ಎರಡು ದಿನ ಬಿಟ್ಟು ದಲ್ಲಾಳಿ ಓಡಿ ಬಂದ. ಈ ಸಲ ಟೀ ಕೊಡುವ ಮೊದಲೇ ಬಾಯಿ ಬಿಟ್ಟ.

"ಅಕ್ಕ, ಅವರು ಒಪ್ಪಿದ್ದಾರೆ. ಎಷ್ಟೋ ಮನೆ ನೋಡಿದ್ರಂತೆ, ಎಲ್ಲಾ ಕಡೆ ಏನೂ ತೊಂದರೆ ಇಲ್ಲ ಅಂತಾನೇ ಹೇಳಿದ್ರಂತೆ. ಇರೋ ತೊಂದರೆ ಹೇಳಿದ ಮನೆ ಇದೊಂದೇ ಅಂತೆ. ಅಜ್ಜಿ ಹೇಳಿದ್ದಷ್ಟನ್ನೂ ಸರಿ ಮಾಡಿಸಿಕೊಟ್ಟರೆ ತಗೋತಾರೆ. ಗೋಡೆ, ಬಚ್ಚಲು, ಕಿಟಕಿ. ಮುಂದಿನ ಸೋಮವಾರ ಬಂದು ನೋಡ್ತಾರೆ."

ಅಡುಗೆಮನೆಯಿಂದ ಅತ್ತೆ ಹೊರಗೆ ಬಂದು ದಲ್ಲಾಳಿಯ ಮುಂದೆ ಟೀ ಲೋಟ ಇಟ್ಟು ಒಳಗೆ ಹೋದಳು.

ಸೋಮವಾರ ಎಂದರೆ ಮಧ್ಯೆ ಉಳಿದದ್ದು ಒಂದೇ ವಾರ. ಶಾಲೆಗಳು ಶುರುವಾಗುವ ಹೊತ್ತೂ ಅದೇ. ಹಿಟ್ಟೆಲ್ಲ ಕೆತ್ತಿ ತೆಗೆಯಬೇಕು, ಪುಟ್ಟಿ ತುಂಬಿ ಒಣಗಿಸಬೇಕು, ಮತ್ತೆ ಬಣ್ಣ. ಮೂವರು ಹೆಂಗಸರಿಂದ ಅಸಾಧ್ಯ ಎಂದು ಎಲ್ಲರಿಗೂ ಗೊತ್ತಿತ್ತು. ಸಂಜೆ ಊಟಕ್ಕೆ ಕೂತಾಗ ಬನ್ನಕ್ಕ ಮಾತು ತೆಗೆದಳು.

"ಮೇಸ್ತ್ರಿನ ಕರೀತೀನಿ."

"ಬೇಡ ಅಂದಿದ್ದೀನಿ."

"ಯಾಕೆ ಬೇಡ?"

"ಹಿಟ್ಟು ಮೆತ್ತಿದ ಗೋಡೆ ತೋರಿಸೋಕಾ? ನಗೆಪಾಟಲಾಗೋಕಾ? ನಾನು ಯಾರ ಹಂಗಿನಲ್ಲೂ ಇದ್ದವನಲ್ಲ, ಇರೋದೂ ಇಲ್ಲ."

ಬನ್ನಕ್ಕ ತಟ್ಟೆ ಪಕ್ಕಕ್ಕೆ ಸರಿಸಿದಳು. "ಹಂಗಿನಲ್ಲಿ ಇಲ್ವಾ? ದಿನಾ ಬೆಳಿಗ್ಗೆ ನಿಮ್ಮನ್ನ ಎತ್ತಿ ಬಚ್ಚಲಿಗೆ ಕೂರಿಸೋದು ಯಾರು?"

"ನೀನು ಹೆಂಡತಿ. ಅದು ಬೇರೆ."

"ಹೆಂಡತಿ ಬೆನ್ನೂ ಬೆನ್ನೇ ರೀ. ನೋಯುತ್ತೆ. ಬೇಕರೀಲಿ ಬಗ್ಗಿದರೆ ಏಳೋಕಾಗಲ್ಲ ನನಗೆ, ಗೋಡೆ ಹಿಡ್ಕೊಂಡು ಏಳ್ತೀನಿ. ನಿಮಗೆ ಹೇಳಿರಲಿಲ್ಲ. ನಿಮ್ಮನ್ನ ಎತ್ತೋದು ನನಗೆ ಭಾರ ಅಲ್ಲ, ಅದನ್ನ ಸಂತೋಷವಾಗಿ ಮಾಡಿದ್ದೀನಿ, ನೀವು ಬದುಕಿ ಬಂದಿರಲ್ಲ ಅಂತ ದಿನಾ ಕೈ ಮುಗೀತೀನಿ. ಆದರೆ ನೀವು ಬೀದಿಗೆ ಹೋಗೋದು ನೋಡಬೇಕು ನಾನು. ನಿಮ್ಮ ಹಟಕ್ಕೆ ಆ ಮನೆ ಕೈ ತಪ್ಪಿದರೆ ನಾನು ಸುಮ್ಮನಿರಲ್ಲ."

ಪಾಪು ತುತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಅತ್ತೆ, ಯಾವ ಜಗಳದಲ್ಲೂ ಬಾಯಿ ಹಾಕದೆ ಬಿಡದ ಅತ್ತೆ, ಸೊಸೆಯ ತಟ್ಟೆಯನ್ನು ಮತ್ತೆ ಅವಳ ಮುಂದಕ್ಕೆ ಸರಿಸಿ ಅದಕ್ಕೆ ಇನ್ನೊಂದು ಸೌಟು ಅನ್ನ ಹಾಕಿದಳು.

ಪೇಂಟರ್ ಊಟ ಮುಗಿಸಲಿಲ್ಲ. ಮರುದಿನ ಬೆಳಿಗ್ಗೆ ಬನ್ನಕ್ಕ ಎತ್ತಲು ಬಂದಾಗ, "ಸ್ವಲ್ಪ ಇರು," ಎಂದು ತಾನೇ ಮಂಚದ ಅಂಚು ಹಿಡಿದು ಕುರ್ಚಿಗೆ ಜಾರಿಕೊಳ್ಳಲು ನೋಡಿದ. ಅರ್ಧ ಆಯಿತು, ಇನ್ನರ್ಧ ಅವಳೇ ಎತ್ತಿದಳು. ಕೂತ ಮೇಲೆ ಮಗಳನ್ನು ಕರೆದ.

"ಪಾಪು, ಮೇಸ್ತ್ರಿಗೆ ಫೋನ್ ಹಚ್ಚಿಕೊಡು."

ಫೋನಿನಲ್ಲಿ ಅವನು ಆಡಿದ್ದು ಇಷ್ಟೇ: "ಅಣ್ಣಾ, ನಾನು. ಕೆಲಸ ಇದೆ ಮನೇಲಿ." ಆಚೆಯಿಂದ ಏನು ಉತ್ತರ ಬಂತೋ, ತಲೆಯಾಡಿಸುತ್ತ ಫೋನ್ ಹಿಂದಕ್ಕೆ ಕೊಟ್ಟ.

ಭಾನುವಾರ ಬಂದದ್ದು ಇಬ್ಬರೋ ಮೂವರೋ ಅಲ್ಲ, ಮೆಟ್ಟಿಲು ತುಂಬ ಜನ. ಏಣಿ, ಹಲಗೆ, ಬಕೆಟ್ಟುಗಳ ಸದ್ದಿಗೆ ಕಟ್ಟಡದ ಬಾಗಿಲುಗಳೆಲ್ಲ ತೆರೆದವು. ಮೇಸ್ತ್ರಿ ಒಬ್ಬ ಕೊಳಾಯಿ ಕೆಲಸದವನನ್ನೂ ಜೊತೆಗೆ ತಂದಿದ್ದರು. ಒಳಗೆ ಬಂದವರೇ ಗೋಡೆಯಿಂದ ಒಂದು ಚೂರು ಕಿತ್ತು ಮೂಸಿ ನೋಡಿದರು.

"ಏನಯ್ಯಾ, ಊರಿಗೆಲ್ಲ ಪುಟ್ಟಿ ಹಾಕ್ತೀಯ, ನಿನ್ನ ಮನೇಲಿ ಬೇಕರಿ ಇಟ್ಟಿದ್ದೀಯ?"

"ಇನ್ನೊಂದು ಸ್ವಲ್ಪ ಬಿಸಿಲು ಬಿದ್ದಿದ್ರೆ ಗೋಡೆ ಉಬ್ಬಿ ಬನ್ನೇ ಆಗ್ತಿತ್ತು," ಎಂದ ಏಣಿ ಹಿಡಿದವನು.

ಬನ್ನಕ್ಕ ಗಂಡನ ಕಡೆ ಹೆದರಿ ನೋಡಿದಳು. ಅವನ ತುಟಿ ಬಿಗಿದಿತ್ತು. ಆಮೇಲೆ ಭುಜ ಅಲುಗಿತು. ಆಮೇಲೆ ಅವನು ನಕ್ಕ, ಕುರ್ಚಿ ಅಲುಗಾಡುವಷ್ಟು ನಕ್ಕ, ಕಣ್ಣೊರೆಸಿಕೊಳ್ಳುತ್ತ ಪಾಪುವಿನ ತಲೆ ಮೇಲೆ ಕೈಯಿಟ್ಟ. ಬಿದ್ದ ಮೇಲೆ ಅವನು ಹೀಗೆ ನಕ್ಕದ್ದು ಮನೆಯವರು ಕಂಡಿರಲಿಲ್ಲ. ಪಾಪುವೂ ನಕ್ಕಳು. ಬನ್ನಕ್ಕ ಅಡುಗೆಮನೆಗೆ ಹೋಗಿ ನೀರಿನ ಕೊಡದ ಹತ್ತಿರ ಸುಮ್ಮನೆ ನಿಂತುಕೊಂಡಳು. ಬಂದಿರುವ ಒಬ್ಬೊಬ್ಬರ ಕಾಲಿಗೂ ಬೀಳಬೇಕು ಅನ್ನಿಸಿತು, ಬೀಳುವ ಬದಲು ಟೀಗೆ ನೀರಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಹಳೆಯದೆಲ್ಲ ಕೆತ್ತಿ ಪುಟ್ಟಿ ತುಂಬಿ ಆಗಿತ್ತು. ಅತ್ತೆ ಎಲ್ಲರಿಗೂ ಕೋಳಿ ಬೇಯಿಸಿದ್ದಳು. ಉಪ್ಪು ಸ್ವಲ್ಪ ಮುಂದು ಎಂದು ಬಡಿಸುವ ಮೊದಲೇ ಎಲ್ಲರಿಗೂ ಹೇಳಿದಳು. ಊಟ ಮುಗಿದು ಪುಟ್ಟಿ ಒಣಗಿದ ಮೇಲೆ ಬಣ್ಣದ ಡಬ್ಬಗಳನ್ನು ಪೇಂಟರನ ಮುಂದೆ ತಂದಿಟ್ಟರು. "ಕಲಸಿಕೊಡು," ಎಂದರು ಮೇಸ್ತ್ರಿ. "ಕೆಲಸಕ್ಕೆ ಕರೆದು ನೀನು ಕೂತು ನೋಡೋದಾ?" ಅವನು ತೋಳು ಮಡಚಿ ಕೋಲು ಹಿಡಿದು ಕಲಸತೊಡಗಿದ. ಕಿಟಕಿ ಸರಿಮಾಡಿದವನು ಅದನ್ನು ಹತ್ತು ಸಲ ತೆಗೆದು ಹಾಕಿ ಅತ್ತೆಗೆ ತೋರಿಸಿದ. ಬಚ್ಚಲಿನಲ್ಲಿ ಎರಡು ಬಕೆಟ್ ಸುರಿದ ನೀರು ಗಡಗಡ ಎಂದು ಇಳಿದುಹೋಯಿತು.

ಹೊರಡುವಾಗ ಪೇಂಟರ್ ಮೇಸ್ತ್ರಿಯ ಕೈ ಹಿಡಿದ. "ಇದನ್ನ ಹೇಗೆ ತೀರಿಸಲಿ ಅಣ್ಣಾ?"

"ನನ್ನ ಕಣ್ಣು ಆಪರೇಷನ್ ಆದಾಗ ನನ್ನ ಕೆಲಸ ಎಲ್ಲಾ ಯಾರು ಮಾಡಿ ಕೂಲಿ ನನ್ನ ಮನೆಗೆ ತಲುಪಿಸಿದ್ದು?"

"ಅದಾ? ಅದನ್ನ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ."

"ನಾನೂ ಇದನ್ನ ಹಿಡಿಯಲ್ಲ ಬಿಡು. ಇನ್ನೊಂದು ಸಲ ನಾನು ಬಂದಾಗ ನಿದ್ದೆ ಮಾಡೋ ನಾಟಕ ಆಡಿದರೆ ಮಾತ್ರ ನೀರು ಸುರೀತೀನಿ."

ಸೋಮವಾರ ಅಕ್ಕತಂಗಿಯರು ಬಂದರು. ಅಕ್ಕ ಗೋಡೆ ಮುಟ್ಟಿ ನೋಡಿದಳು, ತಂಗಿ ಬಚ್ಚಲಿಗೆ ನೀರು ಸುರಿದು ನೋಡಿದಳು. ಇಬ್ಬರೂ ಅತ್ತೆಯ ಕಡೆ ತಿರುಗಿದರು.

"ಅಮ್ಮಾ, ಇನ್ನೇನಾದ್ರೂ ಇದೆಯಾ?"

ಅತ್ತೆ ಮನೆಯನ್ನೆಲ್ಲ ಒಮ್ಮೆ ನೋಡಿದಳು. ದಲ್ಲಾಳಿ ಉಸಿರು ಬಿಗಿಹಿಡಿದ. "ಪಕ್ಕದ ಮನೆಯವನ ಗೊರಕೆ," ಎಂದಳು ಅತ್ತೆ. "ಅದಕ್ಕೆ ಮದ್ದಿಲ್ಲ."

ಗೊರಕೆಯ ಸಮೇತ ಮನೆ ಮಾರಾಟವಾಯಿತು. ಕಂಡಕ್ಟರು ಮೊಮ್ಮಗನ ಡ್ಯೂಟಿಗೆ ಹೊರಟರು, ಇವರ ಮಂಚ, ಪಾತ್ರೆ, ಹೆಸರಿಲ್ಲದ ಡಬ್ಬಗಳು ನೆಲಮಟ್ಟದ ಮನೆ ಸೇರಿದವು. ಬಾಗಿಲ ಮುಂದಿನ ಒಂದು ಮೆಟ್ಟಿಲನ್ನು ಒಡೆದು ಸಿಮೆಂಟಿನ ಇಳಿಜಾರು ಮಾಡಿದರು. ಅದು ಒಣಗಿ ಗಟ್ಟಿಯಾಗುವ ತನಕ ಪೇಂಟರ್ ಹೊಸಿಲ ಒಳಗೇ ಕೂತಿದ್ದ. ಹೋಗಿ ಬರುವವರು ನಿಂತು ಮಾತಾಡಿಸಿ ಹೋಗುತ್ತಿದ್ದರು, ಅವನೂ ಒಂದೆರಡು ಮಾತು ಆಡುತ್ತಿದ್ದ.

ಒಂದು ಸಂಜೆ ಬನ್ನಕ್ಕ ಬೇಕರಿಯಿಂದ ಬಂದಾಗ ಬಾಗಿಲು ತೆರೆದೇ ಇತ್ತು. ಹೊಸಿಲ ಬಳಿ ಕುರ್ಚಿ ಇರಲಿಲ್ಲ. ಕೋಣೆ ನೋಡಿದಳು, ಬಚ್ಚಲು ನೋಡಿದಳು.

"ಅತ್ತೆ, ಇವರೆಲ್ಲಿ?"

ಅತ್ತೆ ತರಕಾರಿ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. "ನನಗೇನು ಗೊತ್ತು? ಮಧ್ಯಾಹ್ನ ಹೋದವನು. ಹೇಳಿ ಹೋಗೋ ಬುದ್ಧಿ ಅವನಿಗೆ ಯಾವತ್ತಿತ್ತು? ಬರಲಿ, ಇವತ್ತು ಇದೆ ಅವನಿಗೆ."

ಬನ್ನಕ್ಕ ಬಾಗಿಲಿಗೆ ಬಂದು ಬೀದಿಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಗಂಡ ಕಾಣಲಿಲ್ಲ. ಅವನು ಬಿದ್ದ ದಿನದಿಂದ ಇಂದಿನವರೆಗೆ, ಎಲ್ಲಿದ್ದಾನೆ ಎಂದು ಗೊತ್ತಿಲ್ಲದ ಮೊದಲ ಸಂಜೆ ಇದು. ಅವಳು ಹೊಸಿಲ ಮೇಲೆಯೇ ಕೂತುಬಿಟ್ಟಳು. ಕಣ್ಣು ತುಂಬಿ ಬಂತು. ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ ಬೀದಿಗೇ ಕೈ ಮುಗಿದಳು.

"ಹುಡುಕಿಕೊಂಡು ಹೋಗಲ್ವೇನೇ?" ಒಳಗಿನಿಂದ ಅತ್ತೆ ಕೇಳಿದಳು.

"ಇಲ್ಲ ಅತ್ತೆ," ಎಂದಳು ಬನ್ನಕ್ಕ. "ಹಸಿವಾದಾಗ ಬರ್ತಾರೆ."